ಮನೆಯಲ್ಲಿ ಗನ್ ಇದೆ ಅಂತ ಕೆಲಸ ಕೊಡದೇ ಇರಬಹುದಾ?

ಅಮೆರಿಕದಲ್ಲಿ ಒಂದು ಕಂಪನಿ ಇಂಟರ್‌ವ್ಯೂನಲ್ಲಿ "ನಿಮ್ಮ ಮನೆಯಲ್ಲಿ ಗನ್ ಇದೆಯಾ?" ಅಂತ ಕೇಳಬಹುದಾ? ಇದೆ ಅಂದರೆ, ಅದೊಂದೇ ಕಾರಣಕ್ಕೆ "ನೀವು ನಮಗೆ ಬೇಡ" ಅಂತ ಕಳಿಸಿಬಿಡಬಹುದಾ? ಈ ಪ್ರಶ್ನೆ ಬಂದಾಗಲೆಲ್ಲ ಎರಡು ಉತ್ತರ ಕೇಳಿಬರುತ್ತವೆ. ಗನ್ ಇಟ್ಟುಕೊಂಡವರು "ಸಾಧ್ಯವೇ ಇಲ್ಲ, ಅದು ನಮ್ಮ ಸಂವಿಧಾನದ ಹಕ್ಕು" ಅನ್ನುತ್ತಾರೆ. ಗನ್ ಅಂದರೆ ಆಗದವರು "ಕಳಿಸಬಹುದು, ಕಳಿಸಬೇಕು ಕೂಡ" ಅನ್ನುತ್ತಾರೆ. ಎರಡೂ ಆಸೆಯ ಮಾತು. ಕಾನೂನು ಏನು ಹೇಳುತ್ತದೆ ಅನ್ನುವುದು ಬೇರೆ. ಅದನ್ನು ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ನೇರ ಉತ್ತರ ಇದು: ಹೆಚ್ಚಿನ ರಾಜ್ಯಗಳಲ್ಲಿ ಖಾಸಗಿ ಕಂಪನಿ ಹಾಗೆ ಕೇಳಬಹುದು, ಬೇಡ ಅಂತಲೂ ಹೇಳಬಹುದು. ಕೆಲವು ರಾಜ್ಯಗಳಲ್ಲಿ ಮಾತ್ರ ಆಗುವುದಿಲ್ಲ.

ಇದು ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ಮೊದಲು ಅಲ್ಲಿಯ ಕೆಲಸದ ಕಾನೂನಿನ ಬುಡ ನೋಡಬೇಕು. ಅಮೆರಿಕದಲ್ಲಿ ಕೆಲಸ ಅಂದರೆ 'ಅಟ್-ವಿಲ್'. ಅಂದರೆ ಇಬ್ಬರಲ್ಲಿ ಯಾರಿಗೆ ಬೇಡ ಅನ್ನಿಸಿದರೂ, ಯಾವಾಗ ಬೇಕಾದರೂ, ಕಾರಣ ಕೊಡದೆಯೂ ಮುಗಿಸಬಹುದು. ಮಾಂಟಾನಾ ಒಂದನ್ನು ಬಿಟ್ಟರೆ ಉಳಿದ ಎಲ್ಲ ರಾಜ್ಯಗಳಲ್ಲೂ ಇದೇ ಮೂಲ ನಿಯಮ. ಮಾಂಟಾನಾ 1987ರಲ್ಲಿ ಬೇರೆ ಕಾನೂನು ಮಾಡಿಕೊಂಡಿತು. ಹಾಗಾಗಿ ಒಬ್ಬ ಮಾಲೀಕನಿಗೆ ನಿಮ್ಮ ಶರ್ಟಿನ ಬಣ್ಣ ಇಷ್ಟವಾಗಲಿಲ್ಲ ಅಂದರೂ ಕೆಲಸ ಕೊಡದೇ ಇರಬಹುದು. ಅದು ಅನ್ಯಾಯ ಇರಬಹುದು, ಕಾನೂನಿನ ಕಣ್ಣಲ್ಲಿ ತಪ್ಪಲ್ಲ.

ತಾರತಮ್ಯ ವಿರೋಧಿ ಕಾನೂನು ಈ ನಿಯಮದಲ್ಲಿ ಕೆಲವು ತೂತು ಕೊರೆದಿದೆ, ಅಷ್ಟೆ. 1964ರ ನಾಗರಿಕ ಹಕ್ಕು ಕಾಯ್ದೆಯ ಏಳನೇ ಭಾಗ, ಎಲ್ಲರೂ ಟೈಟಲ್ ಸೆವೆನ್ ಅನ್ನುವುದು ಅದನ್ನೇ, ಐದು ವಿಷಯ ಹೇಳುತ್ತದೆ: ಜನಾಂಗ, ಮೈಬಣ್ಣ, ಧರ್ಮ, ಲಿಂಗ, ಮೂಲ ದೇಶ. 15 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳಿಗೆ ಇದು ಅನ್ವಯ. 1967ರಲ್ಲಿ 40 ವರ್ಷ ದಾಟಿದವರಿಗೆ ವಯಸ್ಸಿನ ರಕ್ಷಣೆ ಬಂತು. 1990ರಲ್ಲಿ ಅಂಗವೈಕಲ್ಯ ಇರುವವರಿಗೆ, 2008ರಲ್ಲಿ ವಂಶವಾಹಿ ಮಾಹಿತಿಗೆ. 2020ರಲ್ಲಿ ಬೋಸ್ಟಾಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 'ಲಿಂಗ' ಅನ್ನುವುದರಲ್ಲೇ ಸಲಿಂಗಿಗಳೂ ಟ್ರಾನ್ಸ್‌ಜೆಂಡರ್ ಜನರೂ ಸೇರುತ್ತಾರೆ ಅಂತ ಹೇಳಿತು. ಈ ಪಟ್ಟಿಯಲ್ಲಿ ಗನ್ ಎಲ್ಲೂ ಇಲ್ಲ. ರಾಜಕೀಯ ಪಕ್ಷವೂ ಇಲ್ಲ, ತುಂಬ ಜನಕ್ಕೆ ಇದು ಗೊತ್ತಿರುವುದಿಲ್ಲ. ಖಾಸಗಿ ಕಂಪನಿಯೊಂದು ನೀವು ಯಾವ ಪಕ್ಷ ಅಂತ ನೋಡಿ ಬೇಡ ಅಂದರೆ ಕೇಂದ್ರ ಕಾನೂನಿನಲ್ಲಿ ಅದಕ್ಕೆ ತಡೆ ಇಲ್ಲ. ವಾಷಿಂಗ್ಟನ್ ಡಿಸಿಯಂಥ ಕೆಲವು ಕಡೆ ಸ್ಥಳೀಯ ಕಾನೂನಿನಲ್ಲಿ ಮಾತ್ರ ಇದೆ.

ಸರಿ, ಹಾಗಾದರೆ ಎರಡನೇ ತಿದ್ದುಪಡಿ? 1791ರಿಂದ ಸಂವಿಧಾನದಲ್ಲಿದೆ. 2008ರ ಹೆಲ್ಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮನೆಯಲ್ಲಿ ಆತ್ಮರಕ್ಷಣೆಗೆ ಗನ್ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ಹೇಳಿತು. 2010ರಲ್ಲಿ ಅದು ರಾಜ್ಯ ಸರ್ಕಾರಗಳಿಗೂ ಅನ್ವಯ ಅಂತ ಆಯಿತು. 2022ರ ಬ್ರೂಯೆನ್ ತೀರ್ಪಿನಲ್ಲಿ ಮನೆಯ ಹೊರಗೆ ಒಯ್ಯುವುದೂ ಹಕ್ಕೇ ಅಂತ ಸೇರಿತು. ಇಷ್ಟೆಲ್ಲ ಇದ್ದೂ ಕೆಲಸಕ್ಕೆ ಯಾಕೆ ಅನ್ವಯ ಆಗುವುದಿಲ್ಲ ಅಂದರೆ, ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು. ನಿಮ್ಮ ಕೈಯಿಂದ ಗನ್ ಕಿತ್ತುಕೊಳ್ಳಬೇಡ ಅಂತ ಅದು ಸರ್ಕಾರಕ್ಕೆ ಹೇಳುತ್ತದೆ. ಗನ್ ಇರುವವರಿಗೆ ಕೆಲಸ ಕೊಡು ಅಂತ ಒಬ್ಬ ಅಂಗಡಿಯವನಿಗೆ ಹೇಳುವುದಿಲ್ಲ. ವಾಕ್ ಸ್ವಾತಂತ್ರ್ಯದ ಕಥೆಯೂ ಇದೇ. ಸರ್ಕಾರಿ ಕಚೇರಿಯಾದರೆ ಮಾತು ಬೇರೆ. ಅಲ್ಲಿ ಮಾಲೀಕನೇ ಸರ್ಕಾರ, ಹಾಗಾಗಿ ಸಂವಿಧಾನದ ಮೇಲೆ ವಾದ ಮಾಡಲು ಜಾಗ ಇದೆ.

ಇಲ್ಲೊಂದು ವಿಷಯ ಗಮನಿಸಬೇಕು. ಜನಾಂಗದ ವಿಷಯದಲ್ಲೂ ಆಗಿದ್ದು ಇದೇ. ಅಂತರ್ಯುದ್ಧ ಮುಗಿದ ಮೇಲೆ ಸಂವಿಧಾನಕ್ಕೆ ಸಮಾನತೆಯ ತಿದ್ದುಪಡಿ ಬಂತು, ಆದರೆ ಅದು ಸರ್ಕಾರಗಳನ್ನು ಮಾತ್ರ ಕಟ್ಟಿಹಾಕಿತು. ಖಾಸಗಿ ಮಾಲೀಕ ಸುಮಾರು ನೂರು ವರ್ಷ "ಬಿಳಿಯರಿಗೆ ಮಾತ್ರ" ಅಂತ ಬೋರ್ಡ್ ಹಾಕಿಕೊಂಡೇ ಇದ್ದ. ಅದನ್ನು ನಿಲ್ಲಿಸಲು 1964ರಲ್ಲಿ ಸಂಸತ್ತೇ ಬೇರೆ ಕಾನೂನು ಬರೆಯಬೇಕಾಯಿತು. ಅಂದರೆ ಗನ್ ಇಟ್ಟುಕೊಂಡವರಿಗೆ ಕೆಲಸದಲ್ಲಿ ರಕ್ಷಣೆ ಬೇಕು ಅಂದರೆ ದಾರಿ ಒಂದೇ: ಯಾವುದಾದರೂ ಶಾಸನಸಭೆ ಅದನ್ನು ಕಾನೂನಾಗಿ ಬರೆಯಬೇಕು. ಬರೆದೂ ಇದ್ದಾರೆ. ಆದರೆ ಜಗಳ ಶುರುವಾಗಿದ್ದು ಇಂಟರ್‌ವ್ಯೂ ಕೋಣೆಯಲ್ಲಿ ಅಲ್ಲ, ಪಾರ್ಕಿಂಗ್ ಲಾಟ್‌ನಲ್ಲಿ.

ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ಎಒಎಲ್ ಕಂಪನಿಯ ಕಾಲ್ ಸೆಂಟರ್ ಇತ್ತು. 1999ರಲ್ಲಿ ಮೂವರು ನೌಕರರು ಡ್ಯೂಟಿ ಮುಗಿಸಿ, ಗುರಿ ಅಭ್ಯಾಸಕ್ಕೆ ಹೋಗೋಣ ಅಂತ ಪಾರ್ಕಿಂಗ್‌ನಲ್ಲಿ ಸೇರಿದರು, ಒಂದು ಕಾರಿನಿಂದ ಇನ್ನೊಂದು ಕಾರಿಗೆ ತಮ್ಮ ಗನ್‌ಗಳನ್ನು ಇಟ್ಟುಕೊಂಡರು. ಕ್ಯಾಮೆರಾದಲ್ಲಿ ಅದು ಕಾಣಿಸಿತು. ಕೆಲಸ ಹೋಯಿತು. ಯಾರಿಗೂ ಬೆದರಿಕೆ ಹಾಕಿರಲಿಲ್ಲ, ಯಾವ ಕಾನೂನನ್ನೂ ಮುರಿದಿರಲಿಲ್ಲ. ಮೂವರೂ ಕೋರ್ಟಿಗೆ ಹೋದರು. 2004ರಲ್ಲಿ ಯೂಟಾ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಗನ್ ಹಕ್ಕು ದೊಡ್ಡದೇ ಇರಬಹುದು, ಆದರೆ ಖಾಸಗಿ ಜಾಗದ ಮಾಲೀಕನ ಅಟ್-ವಿಲ್ ಅಧಿಕಾರವನ್ನು ಅದು ಮೀರುವುದಿಲ್ಲ ಅನ್ನುವುದು ತೀರ್ಪಿನ ಸಾರ. ಐದು ವರ್ಷದ ನಂತರ, 2009ರಲ್ಲಿ, ಅದೇ ಯೂಟಾದ ಶಾಸನಸಭೆ ಕಾರಿನಲ್ಲಿ ಬೀಗ ಹಾಕಿಟ್ಟ ಗನ್ ವಿಷಯಕ್ಕೆ ಕಂಪನಿ ತಲೆಹಾಕುವಂತಿಲ್ಲ ಅಂತ ಕಾನೂನು ಮಾಡಿತು.

ಒಕ್ಲಹೋಮಾದ ವ್ಯಾಲಿಯಂಟ್‌ನಲ್ಲಿ ಆಗಿದ್ದು ಇನ್ನೂ ದೊಡ್ಡ ಗಲಾಟೆ. 2002ರ ಕೊನೆಯಲ್ಲಿ, ಜಿಂಕೆ ಬೇಟೆಯ ಸೀಸನ್ ಹೊತ್ತಿಗೆ, ವೇಯರ್‌ಹೌಸರ್ ಕಾಗದದ ಕಾರ್ಖಾನೆಯವರು ಪಾರ್ಕಿಂಗ್‌ನಲ್ಲಿ ನಾಯಿಗಳನ್ನು ಬಿಟ್ಟು ಹುಡುಕಿಸಿದರು. ಗಾಡಿಯಲ್ಲಿ ಗನ್ ಸಿಕ್ಕಿದವರಿಗೆಲ್ಲ ಕೆಲಸ ಹೋಯಿತು. ಬೇಟೆ ಆಡುವ ಊರು ಅದು, ಬೆಳಿಗ್ಗೆ ಕಾಡಿಗೆ ಹೋಗಿ ಹಾಗೇ ಶಿಫ್ಟಿಗೆ ಬರುವವರು ಇದ್ದರು. ಊರು ರೊಚ್ಚಿಗೆದ್ದಿತು. 2004ರಲ್ಲಿ ಒಕ್ಲಹೋಮಾ ದೇಶದಲ್ಲೇ ಮೊದಲ ಪಾರ್ಕಿಂಗ್ ಲಾಟ್ ಕಾನೂನು ಮಾಡಿತು. ಕೆಲಸ ಕಳಕೊಂಡವರಿಗೆ ಅದರಿಂದ ಏನೂ ಸಿಗಲಿಲ್ಲ, ಯಾಕೆಂದರೆ ಅವರನ್ನು ತೆಗೆದಾಗ ಕಾನೂನು ಇನ್ನೂ ಹುಟ್ಟಿರಲಿಲ್ಲ. ಕಂಪನಿಗಳು ಸುಮ್ಮನೆ ಕೂರಲಿಲ್ಲ. ಕೆಲಸದ ಜಾಗವನ್ನು ಸುರಕ್ಷಿತವಾಗಿ ಇಡಬೇಕು ಅಂತ ಕೇಂದ್ರದ ಒಎಸ್‌ಎಚ್‌ಎ ಕಾನೂನು ನಮಗೆ ಹೇಳುತ್ತದೆ, ಗನ್ ಬಿಟ್ಟುಕೊಳ್ಳಿ ಅಂತ ರಾಜ್ಯ ಹೇಳುತ್ತದೆ, ನಾವು ಯಾರ ಮಾತು ಕೇಳೋಣ ಅಂತ ವಾದ ಮಾಡಿದರು. 2007ರಲ್ಲಿ ಕೆಳಗಿನ ಫೆಡರಲ್ ಕೋರ್ಟ್ ಅದನ್ನು ಒಪ್ಪಿ ರಾಜ್ಯದ ಕಾನೂನನ್ನು ತಡೆಯಿತು. 2009ರಲ್ಲಿ ಮೇಲ್ಮನವಿ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಒಕ್ಲಹೋಮಾದ ನಂತರ ಒಂದಾದ ಮೇಲೊಂದು ರಾಜ್ಯ ಇಂಥ ಕಾನೂನು ಮಾಡಿಕೊಂಡವು. ಈಗ ಇಪ್ಪತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಇದೆ.

ಆದರೆ ಪಾರ್ಕಿಂಗ್ ಕಾನೂನು ಇದೆ ಅಂದ ಮಾತ್ರಕ್ಕೆ ಕೆಲಸಕ್ಕೆ ಸೇರುವಾಗ ರಕ್ಷಣೆ ಇದೆ ಅಂತ ಅರ್ಥ ಅಲ್ಲ. ಇಲ್ಲೇ ಜನ ಎಡವುವುದು. ಹೆಚ್ಚಿನ ರಾಜ್ಯಗಳ ಕಾನೂನು ಕಾರಿನೊಳಗೆ ಬೀಗ ಹಾಕಿಟ್ಟ ಗನ್ ಬಗ್ಗೆ ಮಾತ್ರ ಮಾತಾಡುತ್ತದೆ. ಅರ್ಜಿ ಹಾಕಿದವನಿಗೆ ಏನು ಕೇಳಬಹುದು, ಏನು ಕೇಳಬಾರದು ಅಂತ ಬಾಯಿಬಿಟ್ಟು ಹೇಳುವ ಕಾನೂನುಗಳು ಕೆಲವೇ.

ಫ್ಲೋರಿಡಾದ 2008ರ ಕಾನೂನು ಅದರಲ್ಲಿ ಒಂದು. ಗನ್ ಅಡಗಿಸಿಟ್ಟು ಒಯ್ಯುವ ಲೈಸೆನ್ಸ್ ಇದೆಯೋ ಇಲ್ಲವೋ ಅನ್ನುವುದನ್ನು ಕೆಲಸ ಕೊಡಲು ಷರತ್ತು ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಈಗಿರುವ ನೌಕರರಿಗೂ ಸರಿ, ಮುಂದೆ ಸೇರುವವರಿಗೂ ಸರಿ. ನಿಮ್ಮ ಕಾರಿನಲ್ಲಿ ಗನ್ ಇದೆಯಾ ಅಂತ ಕೇಳುವುದನ್ನೇ ತಡೆದಿದೆ. ಶಾಲೆ, ಜೈಲು, ಅಣುವಿದ್ಯುತ್ ಸ್ಥಾವರ, ಸ್ಫೋಟಕಗಳ ಕೆಲಸ ನಡೆಯುವ ಜಾಗ, ಇವುಗಳಿಗೆ ವಿನಾಯಿತಿ. ಅದೇ ವರ್ಷ ಜಾರ್ಜಿಯಾ ಕೂಡ "ಕಾರಿನಲ್ಲಿ ಗನ್ ತರುವುದಿಲ್ಲ ಅಂತ ಬರೆದುಕೊಟ್ಟರೆ ಮಾತ್ರ ಕೆಲಸ" ಅನ್ನುವ ಷರತ್ತನ್ನು ಲೈಸೆನ್ಸ್ ಇದ್ದವರ ಮಟ್ಟಿಗೆ ತಡೆಯಿತು. 2018ರಲ್ಲಿ ವೆಸ್ಟ್ ವರ್ಜೀನಿಯಾ ಇದೇ ದಾರಿ ಹಿಡಿಯಿತು.

ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು ಇಂಡಿಯಾನಾದ 2011ರ ಕಾನೂನು. ಅದು ಕಾರು, ಪಾರ್ಕಿಂಗ್ ಅಂತೆಲ್ಲ ಸುತ್ತಾಡುವುದಿಲ್ಲ. ಅರ್ಜಿ ಹಾಕಿದವರಿಗಾಗಲಿ ನೌಕರರಿಗಾಗಲಿ "ನಿನ್ನ ಹತ್ತಿರ ಗನ್ ಇದೆಯಾ, ಗುಂಡು ಇದೆಯಾ, ಬಳಸುತ್ತೀಯಾ, ಸಾಗಿಸುತ್ತೀಯಾ" ಅಂತ ಹೇಳಲೇಬೇಕು ಅನ್ನುವಂತಿಲ್ಲ. ಆ ಕೆಲಸದಲ್ಲೇ ಗನ್ ಬಳಸಬೇಕಾಗಿದ್ದರೆ ಮಾತ್ರ ಕೇಳಬಹುದು. ಮೀರಿದರೆ ನೌಕರ ನೇರ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು, ವಕೀಲರ ಫೀಸನ್ನೂ ಕೇಳಬಹುದು. ಇದರಲ್ಲಿ ಗನ್ ಇಟ್ಟುಕೊಂಡವರು ಒಂದು 'ಜಾತಿ' ಅನ್ನುವ ಮಾತಿಲ್ಲ. ನಿನ್ನ ಮನೆಯ ವಿಷಯ ಮಾಲೀಕನಿಗೆ ಸಂಬಂಧ ಇಲ್ಲ, ಅಷ್ಟೆ.

ಇನ್ನೊಂದು ಬಾಗಿಲೂ ಇದೆ. ಡ್ಯೂಟಿ ಇಲ್ಲದ ಹೊತ್ತಿನಲ್ಲಿ ನೌಕರ ಮಾಡುವ ಕಾನೂನುಬದ್ಧ ಕೆಲಸಗಳಿಗೆ ಕೆಲವು ರಾಜ್ಯಗಳು ರಕ್ಷಣೆ ಕೊಟ್ಟಿವೆ. ಇವುಗಳಲ್ಲಿ ಹಲವು ಹುಟ್ಟಿದ್ದು ಸಿಗರೇಟು ಸೇದುವವರಿಗಾಗಿ, 1990ರ ಆಸುಪಾಸಿನಲ್ಲಿ. ನ್ಯೂಯಾರ್ಕ್ ಕಾನೂನು ಬಿಡುವಿನ ವೇಳೆಯ ಹವ್ಯಾಸ, ಆಟಗಳ ಕಾರಣಕ್ಕೆ ಕೆಲಸ ಕೊಡದಿರುವುದನ್ನೂ ತಡೆಯುತ್ತದೆ. ಹಾಗಾಗಿ ಭಾನುವಾರ ಬೇಟೆಗೆ ಹೋಗುವವರು, ಗುರಿ ಅಭ್ಯಾಸಕ್ಕೆ ಹೋಗುವವರು ಇದರಡಿ ಬರುತ್ತಾರೆ ಅಂತ ಗಟ್ಟಿಯಾಗಿ ವಾದಿಸಬಹುದು. ಆದರೆ ಕಳ್ಳರ ಭಯಕ್ಕೆ ಅಲಮಾರಿನಲ್ಲಿ ಸುಮ್ನೆ ಒಂದು ಪಿಸ್ತೂಲ್ ಇಟ್ಟುಕೊಂಡವರು ಬರುತ್ತಾರಾ? ಅದು ಹವ್ಯಾಸವೂ ಅಲ್ಲ, ಆಟವೂ ಅಲ್ಲ. ಕೊಲರಾಡೋ ಕಾನೂನು ಇನ್ನೂ ಅಗಲ, "ಯಾವುದೇ ಕಾನೂನುಬದ್ಧ ಚಟುವಟಿಕೆ" ಅನ್ನುತ್ತದೆ, ಆದರೆ ಅದು ಕೆಲಸದಿಂದ ತೆಗೆಯುವುದನ್ನು ಮಾತ್ರ ತಡೆಯುತ್ತದೆ. ಸೇರಿಸಿಕೊಳ್ಳದಿರುವುದರ ಬಗ್ಗೆ ಸೊಲ್ಲೆತ್ತುವುದಿಲ್ಲ. ನಾರ್ತ್ ಡಕೋಟಾದಲ್ಲಿ ಎರಡೂ ಸೇರಿವೆ. ಒಂದೇ ದೇಶ, ಒಂದೇ ಗನ್, ಒಂದೇ ಪ್ರಶ್ನೆ. ರಾಜ್ಯದ ಗಡಿ ದಾಟಿದರೆ ಉತ್ತರ ಬದಲು.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಗನ್ ಇಟ್ಟುಕೊಂಡವರನ್ನು ಜನಾಂಗ, ಲಿಂಗ, ಧರ್ಮದ ಪಟ್ಟಿಗೆ ಸೇರಿಸಿ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಆ ಪಟ್ಟಿ ಸುಮ್ನೆ ಹುಟ್ಟಿದ್ದಲ್ಲ. ತಲೆಮಾರುಗಟ್ಟಲೆ ಒಂದಿಡೀ ಜನ ಕಾರ್ಖಾನೆಯ ಬಾಗಿಲು ದಾಟಲಾಗದೆ, ದಾಟಿದರೂ ಕಸ ಗುಡಿಸುವ ಕೆಲಸಕ್ಕಿಂತ ಮೇಲೆ ಹೋಗಲಾಗದೆ ಇದ್ದ ಕಾರಣಕ್ಕೆ ಹುಟ್ಟಿದ್ದು. ನಾರ್ತ್ ಕರೊಲೈನಾದ ಡ್ಯೂಕ್ ಪವರ್ ಕಂಪನಿಯ ಕೇಸ್ ನೋಡಿ. ಅಲ್ಲಿ ಕಪ್ಪು ನೌಕರರಿಗೆ ಇದ್ದಿದ್ದು ಒಂದೇ ವಿಭಾಗ, ಕೂಲಿ ವಿಭಾಗ. ಕಾನೂನು ಬಂದ ಮೇಲೆ ಕಂಪನಿ ಹೈಸ್ಕೂಲ್ ಸರ್ಟಿಫಿಕೇಟು, ಪರೀಕ್ಷೆ ಅಂತ ಹೊಸ ಅಡ್ಡಗೋಡೆ ಎಬ್ಬಿಸಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಡೆದುಹಾಕಿತು. ಗನ್ ಇಟ್ಟುಕೊಂಡವರು ಆ ದೇಶದಲ್ಲಿ ಅಂಥ ಪಾಡು ಪಟ್ಟಿಲ್ಲ. ಪ್ಯೂ ರಿಸರ್ಚ್ ಸೆಂಟರ್‌ನ 2023ರ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ ಶೇ. 32 ಜನ ತಮ್ಮ ಬಳಿ ಗನ್ ಇದೆ ಅನ್ನುತ್ತಾರೆ. ಮೂವರಲ್ಲಿ ಸುಮಾರು ಒಬ್ಬರು. ಇವರನ್ನೆಲ್ಲ ಹೊರಗಿಟ್ಟು ಕಂಪನಿ ನಡೆಸುವುದು ಕಷ್ಟ, ಮಾಡಿದವರೂ ಕಡಿಮೆ.

ಆದರೂ, ಮನೆಯಲ್ಲಿ ಏನಿದೆ ಅಂತ ಮಾಲೀಕ ಕೇಳುವುದನ್ನೂ ನಾನು ಒಪ್ಪುವುದಿಲ್ಲ. ಹಕ್ಕಿನ ಮಾತು ಹಾಗಿರಲಿ, ಮೊದಲನೆಯದಾಗಿ ಆ ಪ್ರಶ್ನೆಯಿಂದ ಯಾರಿಗೂ ಉಪಯೋಗ ಇಲ್ಲ. ಗನ್ ಯಾರ ಬಳಿ ಇದೆ ಅಂತ ಕಂಪನಿ ಪರಿಶೀಲಿಸಲು ದಾರಿಯೇ ಇಲ್ಲ. 1986ರ ಕಾನೂನು ಕೇಂದ್ರ ಸರ್ಕಾರ ಗನ್ ಮಾಲೀಕರ ಪಟ್ಟಿ ಮಾಡುವುದನ್ನೇ ತಡೆದಿದೆ. ಗನ್ ಅಂಗಡಿಯವರು 1998ರಿಂದ ಬಳಸುವ ಎಫ್‌ಬಿಐ ತಪಾಸಣೆ ವ್ಯವಸ್ಥೆಯನ್ನು ಸಾಮಾನ್ಯ ಕಂಪನಿಗಳು ಕೆಲಸದ ಬ್ಯಾಕ್‌ಗ್ರೌಂಡ್ ಚೆಕ್‌ಗೆ ಬಳಸುವಂತಿಲ್ಲ. ಉಳಿದಿದ್ದು ಬಾಯಿಮಾತು. ನಿಜ ಹೇಳುವವನು ಕೆಲಸ ಕಳಕೊಳ್ಳುತ್ತಾನೆ, ಸುಳ್ಳು ಹೇಳುವವನು ಒಳಗೆ ಬರುತ್ತಾನೆ. ಅಪಾಯಕಾರಿ ಮನುಷ್ಯ ನಿಜ ಹೇಳುತ್ತಾನೆ ಅಂತ ನಂಬಿ ಮಾಡುವ ಸುರಕ್ಷತೆ ಎಂಥ ಸುರಕ್ಷತೆ?

ಈ ಮಾತಿಗೆ ಬಂದಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಮಿಸಿಸಿಪ್ಪಿಯ ಮೆರಿಡಿಯನ್. 2003ರ ಜುಲೈ 8. ಲಾಕ್‌ಹೀಡ್ ಮಾರ್ಟಿನ್ ಕಾರ್ಖಾನೆಯ ಒಬ್ಬ ಬಿಳಿ ನೌಕರ ಮೀಟಿಂಗ್‌ನಿಂದ ಎದ್ದುಹೋದ, ತನ್ನ ಗಾಡಿಯಿಂದ ಗನ್‌ಗಳನ್ನು ತಂದ, ಆರು ಜನರನ್ನು ಕೊಂದ, ಆಮೇಲೆ ತಾನೂ ಸತ್ತ. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಸಹೋದ್ಯೋಗಿಗಳು. ಪಾರ್ಕಿಂಗ್ ಕಾನೂನು ಬೇಡ ಅನ್ನುವವರು ಈ ಘಟನೆಯನ್ನು ತೋರಿಸುತ್ತಾರೆ, ತೋರಿಸಬೇಕಾದದ್ದೇ. ಗನ್ ಇದ್ದಿದ್ದು ಪಾರ್ಕಿಂಗ್‌ನಲ್ಲೇ. ಕೋಪ ಬಂದ ಕ್ಷಣಕ್ಕೂ ಗನ್ ಕೈಗೆ ಸಿಗುವುದಕ್ಕೂ ನಡುವೆ ಇದ್ದಿದ್ದು ಕೆಲವು ಹೆಜ್ಜೆ. ಅದಾಗಿ ಮೂರೇ ವರ್ಷಕ್ಕೆ, 2006ರಲ್ಲಿ, ಅದೇ ಮಿಸಿಸಿಪ್ಪಿ ಕಾರಿನಲ್ಲಿ ಗನ್ ಇಡುವುದನ್ನು ಕಂಪನಿ ತಡೆಯುವಂತಿಲ್ಲ ಅಂತ ಕಾನೂನು ಮಾಡಿತು. 2016ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಕಾರಿನಲ್ಲಿ ಗನ್ ಇದ್ದ ಕಾರಣಕ್ಕೆ ಕೆಲಸದಿಂದ ತೆಗೆದರೆ ನೌಕರ ಕಂಪನಿ ಮೇಲೆ ಕೇಸ್ ಹಾಕಬಹುದು ಅಂತಲೂ ಹೇಳಿತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ಮೆರಿಡಿಯನ್ ಘಟನೆಯ ಇನ್ನೊಂದು ಮುಖವನ್ನೂ ನೋಡಬೇಕು. ಆತ ಕಪ್ಪು ನೌಕರರ ವಿರುದ್ಧ ದ್ವೇಷದ ಮಾತಾಡುತ್ತಿದ್ದ, ಬೆದರಿಸುತ್ತಿದ್ದ ಅನ್ನುವ ದೂರುಗಳು ಮೊದಲೇ ಇದ್ದವು. ಸಹೋದ್ಯೋಗಿಗಳಿಗೆ ಗೊತ್ತಿತ್ತು, ಮೇಲಿನವರ ಕಿವಿಗೂ ಬಿದ್ದಿತ್ತು. ಅಂದರೆ ಅಲ್ಲಿ ತಾರತಮ್ಯ ವಿರೋಧಿ ಕಾನೂನನ್ನು ಗಟ್ಟಿಯಾಗಿ ಪಾಲಿಸಬೇಕಿತ್ತು. ಒಬ್ಬ ಮನುಷ್ಯ ಜನಾಂಗದ ಕಾರಣಕ್ಕೆ ಸಹೋದ್ಯೋಗಿಗಳನ್ನು ಹೆದರಿಸುತ್ತಿದ್ದಾನೆ ಅಂದರೆ ತಕ್ಷಣ ಅವನನ್ನು ಹೊರಗೆ ಹಾಕಲು ಕಂಪನಿಗೆ ಎಲ್ಲ ಅಧಿಕಾರ ಇದೆ, ಕರ್ತವ್ಯವೂ ಇದೆ, ಟೈಟಲ್ ಸೆವೆನ್ ಹೇಳುವುದೇ ಅದನ್ನು. ಅದಕ್ಕೆ ಅವನ ಮನೆಯಲ್ಲಿ ಎಷ್ಟು ಗನ್ ಇವೆ ಅಂತ ಗೊತ್ತಾಗುವ ಅಗತ್ಯವೇ ಇಲ್ಲ. ಬೆದರಿಕೆಯ ಬಗ್ಗೆ ಬಂದ ದೂರನ್ನು ಎಚ್‌ಆರ್ ಡ್ರಾಯರ್‌ನಲ್ಲಿ ಇಟ್ಟುಕೊಂಡು, ಅರ್ಜಿಯಲ್ಲಿ ಮಾತ್ರ ಗನ್ ಬಗ್ಗೆ ಒಂದು ಸಾಲು ಸೇರಿಸಿದರೆ ಯಾರ ಜೀವವೂ ಉಳಿಯುವುದಿಲ್ಲ.

ಹಾಗಾಗಿ ನಾನು ಗೆರೆ ಎಳೆಯುವುದು ಕಂಪನಿಯ ಗೇಟಿನಲ್ಲಿ. ಒಳಗೆ ಏನು ತರಬಾರದು ಅಂತ ಹೇಳುವ ಪೂರ್ತಿ ಅಧಿಕಾರ ಮಾಲೀಕನಿಗೆ ಇರಲಿ, ಪಾರ್ಕಿಂಗ್ ಲಾಟ್ ಕೂಡ ಒಳಗೇ. ಅದು ಅವನ ಜಾಗ. ಅಲ್ಲಿ ಯಾರಿಗಾದರೂ ಗುಂಡು ಬಿದ್ದರೆ ಮನೆಯವರಿಗೆ ಫೋನ್ ಮಾಡಬೇಕಾದವನೂ ಅವನೇ. 2022ರಲ್ಲಿ ಅಮೆರಿಕದಲ್ಲಿ 500ಕ್ಕೂ ಜಾಸ್ತಿ ಜನ ಕೆಲಸದ ಜಾಗದಲ್ಲಿ ಕೊಲೆಯಾದರು. ಇದು ಸಣ್ಣ ಸಂಖ್ಯೆ ಅಲ್ಲ. ದೂರದ ಹಳ್ಳಿಯಿಂದ ರಾತ್ರಿ ಪಾಳಿಗೆ ಒಂಟಿಯಾಗಿ ಕಾರು ಓಡಿಸಿಕೊಂಡು ಬರುವ ನರ್ಸ್‌ಗೆ ದಾರಿಯಲ್ಲಿ ಗನ್ ಬೇಕು ಅನ್ನಿಸಬಹುದು, ಪಾರ್ಕಿಂಗ್‌ನಲ್ಲಿ ಇಡಬಾರದು ಅಂದರೆ ಇಡೀ ದಾರಿಗೆ ಇಲ್ಲ ಅಂದಂತೆಯೇ ಆಗುತ್ತದೆ. ಆ ವಾದದಲ್ಲಿ ಸತ್ಯ ಇದೆ. ಅದನ್ನು ತೂಗಿ ನೋಡಿದ ಮೇಲೂ ನನ್ನ ಮನಸ್ಸು ಮಾಲೀಕನ ಕಡೆಗೇ ವಾಲುತ್ತದೆ. ಗೇಟಿನ ಆಚೆ ಮಾತ್ರ ಅವನ ಮಾತು ನಡೆಯಬಾರದು.

ನಿಜವಾದ ತಾರತಮ್ಯ ಎಲ್ಲಿ ನುಸುಳುತ್ತದೆ ಅನ್ನುವುದನ್ನೂ ಹೇಳಬೇಕು. ಕಂಪನಿಯ ನಿಯಮ "ಯಾರೂ ಗನ್ ತರಬಾರದು" ಅಂತ ಇರುತ್ತದೆ. ಬಿಳಿ ಮ್ಯಾನೇಜರ್‌ನ ಗಾಡಿಯಲ್ಲಿ ಬೇಟೆಯ ಬಂದೂಕು ಕಂಡರೆ ನಕ್ಕು ಬಿಡುತ್ತಾರೆ. ಕಪ್ಪು ನೌಕರನ ಗಾಡಿಯಲ್ಲಿ ಕಂಡರೆ ಅದೇ ದಿನ ಕೆಲಸದಿಂದ ತೆಗೆಯುತ್ತಾರೆ. ಆಗ ಅದು ಗನ್ ಕೇಸ್ ಅಲ್ಲ, ಜನಾಂಗದ ಕೇಸ್, ಟೈಟಲ್ ಸೆವೆನ್ ಅಡಿ ನೇರವಾಗಿ ಬರುತ್ತದೆ. ಇಂಟರ್‌ವ್ಯೂನಲ್ಲಿ ಕೆಲವರಿಗೆ ಮಾತ್ರ ಆ ಪ್ರಶ್ನೆ ಕೇಳಿದರೂ ಅಷ್ಟೇ. ಒಂದೇ ಲೈಸೆನ್ಸ್ ಇಬ್ಬರ ಕೈಯಲ್ಲಿ ಬೇರೆ ಬೇರೆಯಾಗಿ ಕಾಣಿಸುವ ದೇಶ ಅದು. 2016ರಲ್ಲಿ ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅನ್ನುವ ಶಾಲೆಯ ಅಡುಗೆಮನೆ ನೌಕರ ತನ್ನ ಬಳಿ ಗನ್ ಇದೆ ಅಂತ ಪೊಲೀಸರಿಗೆ ತಾನಾಗಿಯೇ ಹೇಳಿದ. ಪರ್ಮಿಟ್ ಇತ್ತು. ಕೆಲವೇ ಕ್ಷಣಗಳಲ್ಲಿ ಪೊಲೀಸ್ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಖುಲಾಸೆಯಾದ.

ಇನ್ನೊಂದು ವಾದ ವಕೀಲರ ನಡುವೆ ಓಡಾಡುತ್ತದೆ. ಡ್ಯೂಕ್ ಪವರ್ ತೀರ್ಪಿನಿಂದ ಬಂದ ತತ್ವ ಏನೆಂದರೆ, ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಇದ್ದರೂ, ಒಂದು ಗುಂಪಿಗೆ ಜಾಸ್ತಿ ಹೊಡೆತ ಬಿದ್ದರೆ, ಅದು ಕೆಲಸಕ್ಕೆ ನಿಜವಾಗಿ ಬೇಕು ಅಂತ ಕಂಪನಿ ತೋರಿಸಬೇಕು. ಗಂಡಸರಲ್ಲಿ ಶೇ. 40 ಜನಕ್ಕೆ ಗನ್ ಇದೆ, ಹೆಂಗಸರಲ್ಲಿ ಶೇ. 25. ಹಾಗಾದರೆ "ಗನ್ ಇರುವವರು ಬೇಡ" ಅನ್ನುವುದು ಗಂಡಸರ ವಿರುದ್ಧದ ತಾರತಮ್ಯ ಅಲ್ವಾ? ಕಾಗದದ ಮೇಲೆ ಇದು ನಿಲ್ಲುತ್ತದೆ. ಆದರೆ ಈ ದಾರಿ ನನಗೆ ಇಷ್ಟ ಇಲ್ಲ. ಕಪ್ಪು ಕೂಲಿಗಳಿಗಾಗಿ ಮಾಡಿದ ಆಯುಧವನ್ನು ಬೇರೆ ಯಾವುದಕ್ಕೋ ತಿರುಗಿಸಿದಂತಾಗುತ್ತದೆ. ಅಷ್ಟರಲ್ಲಿ ಆ ತತ್ವವೇ ಸೊರಗುತ್ತಿದೆ. 2025ರ ಏಪ್ರಿಲ್‌ನಲ್ಲಿ ಬಂದ ಅಧ್ಯಕ್ಷರ ಆದೇಶವೊಂದು ಕೇಂದ್ರದ ಇಲಾಖೆಗಳು ಇಂಥ ಕೇಸುಗಳಿಗೆ ಆದ್ಯತೆ ಕೊಡಬಾರದು ಅಂತ ಹೇಳಿದೆ. ಖಾಸಗಿಯಾಗಿ ಕೋರ್ಟಿಗೆ ಹೋಗುವ ದಾರಿ ಇನ್ನೂ ಮುಚ್ಚಿಲ್ಲ.

ಟೆಕ್ಸಾಸ್‌ನ 2021ರ ಒಂದು ಕಾನೂನು ಇಲ್ಲಿ ಹೇಳಲೇಬೇಕು. ಸರ್ಕಾರದ ಜೊತೆ 1,00,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಕಾಂಟ್ರಾಕ್ಟ್ ಮಾಡುವ, ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು "ನಾವು ಗನ್ ಉದ್ಯಮದ ವಿರುದ್ಧ ತಾರತಮ್ಯ ಮಾಡುವುದಿಲ್ಲ" ಅಂತ ಬರೆದುಕೊಡಬೇಕು. ಗನ್ ತಯಾರಿಸುವ ಕಂಪನಿಗೆ, ಮಾರುವ ಅಂಗಡಿಗೆ ಈ ರಕ್ಷಣೆ. ಗನ್ ಇಟ್ಟುಕೊಂಡ ಸಾಮಾನ್ಯ ನೌಕರನಿಗೆ ಇದರಲ್ಲಿ ಏನೂ ಇಲ್ಲ. ಹಕ್ಕು ಹಕ್ಕು ಅಂತ ಕೂಗುವವರು ಯಾರಿಗೋಸ್ಕರ ಕೂಗುತ್ತಿದ್ದಾರೆ ಅಂತ ಇಂಥಲ್ಲಿ ಗೊತ್ತಾಗುತ್ತದೆ.

ಗನ್ ಬಗ್ಗೆ ಕೇಳಲೇಬೇಕಾದ ಕೆಲಸಗಳೂ ಇವೆ. ಪೊಲೀಸ್, ಬಂದೂಕು ಹಿಡಿಯುವ ಸೆಕ್ಯುರಿಟಿ ಗಾರ್ಡ್, ಗನ್ ಅಂಗಡಿ. ಇಲ್ಲಿ ಪ್ರಶ್ನೆ ನಿನ್ನ ಬಳಿ ಗನ್ ಇದೆಯಾ ಅಂತ ಅಲ್ಲ, ಕಾನೂನಿನ ಪ್ರಕಾರ ನೀನು ಗನ್ ಮುಟ್ಟಬಹುದಾ ಅಂತ. 1968ರ ಗನ್ ನಿಯಂತ್ರಣ ಕಾಯ್ದೆ ದೊಡ್ಡ ಅಪರಾಧ ಮಾಡಿದವರನ್ನು ತಡೆದಿತ್ತು. 1996ರಲ್ಲಿ ಲಾಟೆನ್‌ಬರ್ಗ್ ತಿದ್ದುಪಡಿ ಬಂದು, ಮನೆಯವರ ಮೇಲೆ ಹಲ್ಲೆ ಮಾಡಿ ಸಣ್ಣ ಶಿಕ್ಷೆ ಆದವರನ್ನೂ ಸೇರಿಸಿತು, ಪೊಲೀಸರಿಗೂ ಸೈನಿಕರಿಗೂ ವಿನಾಯಿತಿ ಕೊಡಲಿಲ್ಲ. ಹೆಂಡತಿಯನ್ನು ಹೊಡೆದು ಶಿಕ್ಷೆಯಾದ ಪೊಲೀಸನಿಗೆ ಡ್ಯೂಟಿ ಪಿಸ್ತೂಲನ್ನೂ ಹಿಡಿಯಲಾಗದು. ಈ ಒಂದು ವಿಷಯದಲ್ಲಿ ಕಾನೂನು ಸರಿಯಾದ ಪ್ರಶ್ನೆ ಕೇಳಿದೆ ಅಂತ ನನ್ನ ನಂಬಿಕೆ.

ಕೊನೆಯದಾಗಿ, ಅಲ್ಲಿ ಎಚ್-1ಬಿ ಮೇಲೋ ವಿದ್ಯಾರ್ಥಿ ವೀಸಾ ಮೇಲೋ ಇರುವ ನಮ್ಮವರಿಗೆ. ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ಅಂತ ಕೆಲವು ವಿನಾಯಿತಿ ಇವೆ, ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ಅಂದರೆ ಇಂಟರ್‌ವ್ಯೂನಲ್ಲಿ ಯಾರೋ ಹರಟೆಯ ಥರ ಕೇಳಿದ ಪ್ರಶ್ನೆಗೆ "ಹೌದು, ಒಂದು ಇದೆ" ಅಂದರೆ ನೀವು ಕೆಲಸ ಕಳಕೊಳ್ಳುವುದು ಮಾತ್ರ ಅಲ್ಲ, ಅಪರಾಧ ಒಪ್ಪಿಕೊಂಡಂತೆ. ಇನ್ನು ವೀಸಾ ಕಾರಣಕ್ಕೆ ಕೆಲಸ ಕೊಡಲಿಲ್ಲ ಅಂತ ದೂರು ಕೊಡೋಣ ಅಂದರೆ, 1986ರ ವಲಸೆ ಕಾನೂನಿನಲ್ಲಿ ಪೌರತ್ವದ ತಾರತಮ್ಯದ ವಿರುದ್ಧ ಇರುವ ರಕ್ಷಣೆ ನಾಗರಿಕರಿಗೆ, ಬಹುತೇಕ ಗ್ರೀನ್ ಕಾರ್ಡ್‌ದಾರರಿಗೆ, ನಿರಾಶ್ರಿತರಿಗೆ, ಆಶ್ರಯ ಪಡೆದವರಿಗೆ ಮಾತ್ರ. ಎಚ್-1ಬಿ ಅದರಲ್ಲಿ ಇಲ್ಲ. ಹಾಗಾಗಿ ಸಂಸಾರದಲ್ಲಿ ಒಬ್ಬರಿಗೆ ಪೌರತ್ವ ಇದ್ದು ಇನ್ನೊಬ್ಬರು ವೀಸಾದಲ್ಲಿ ಇದ್ದರೆ, ಮನೆಗೆ ಗನ್ ತರುವ ಮುಂಚೆ ವಲಸೆ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ. ಅರ್ಜಿ ಫಾರಂನಲ್ಲಿ ಆ ಪ್ರಶ್ನೆ ಕಂಡರೆ ತಕ್ಷಣ ತುಂಬಬೇಡಿ, ಆ ರಾಜ್ಯದ ಕಾನೂನು ಏನಿದೆ ಅಂತ ನೋಡಿಕೊಳ್ಳಿ. ಇಂಡಿಯಾನಾ ಆಗಿದ್ದರೆ ಆ ಸಾಲನ್ನು ಖಾಲಿ ಬಿಡಲು ನಿಮಗೆ ಕಾನೂನಿನ ಬಲ ಇದೆ.